ತೊಳೆದ ಎಲೆ

"ಏ ಮುದುಕಿ, ಎಲೆ ತೊಳೆದು ತಾ ಅಂದ್ರೆ ಕಾಗೆ ಹೇಲಿನ ಸಮೇತ ತಂದಿದೀಯಲ್ಲೇ. ಸಾಹೇಬ್ರೇ ನಿಂತು ಗುಡಿಸೋದು ಕಣೇ ಇದನ್ನ, ನಿನ್ನ ಮೂತಿಗಿಷ್ಟು ಬೆಂಕಿ ಹಾಕ."

ಮೇಸ್ತ್ರಿ ಬುಟ್ಟಿಯನ್ನು ಒದ್ದ. ಮುದುಕಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಲೆಯನ್ನು ಸೆರಗಿನಿಂದ ಒರೆಸತೊಡಗಿದಳು. ವಿಶ್ವವಿದ್ಯಾಲಯದ ಅಂಗಳವನ್ನು ಅವಳೂ ಸೊಸೆಯೂ ಬೆಳಗ್ಗೆಯೇ ಗುಡಿಸಿ ಕನ್ನಡಿ ಮಾಡಿದ್ದರು. ಈಗ ಅಲ್ಲಿಗೇ ಎಲೆ ಚೆಲ್ಲಬೇಕು, ಕುಲಪತಿಗಳು ಬಂದು ಗುಡಿಸಬೇಕು, ತಪಾಸಣೆಗೆ ಬಂದವರು ನೋಡಬೇಕು. ಪ್ರತಿವರ್ಷದ ಕಥೆ. ಹೋದ ಸಲ ಕುಲಪತಿಗಳ ಬೂಟಿಗೆ ಗಲೀಜು ಮೆತ್ತಿದ್ದರಿಂದ ಈ ಸಲ ಕಸವನ್ನೂ ತೊಳೆಯುವ ಕೆಲಸ ಸೇರಿತ್ತು.

"ಅತ್ತೆ, ತಡೆಯಕ್ಕಾಗ್ತಿಲ್ಲ," ಎಂದಳು ಸೊಸೆ. ಏಳು ತಿಂಗಳ ಹೊಟ್ಟೆ ಹೊತ್ತು ಕಂಬ ಹಿಡಿದು ನಿಂತಿದ್ದಳು.

ಕಟ್ಟಡದಲ್ಲಿ ಹನ್ನೊಂದು ಶೌಚಾಲಯ. ಅಷ್ಟನ್ನೂ ಉಜ್ಜುವವರು ಇವರೂ ಉಳಿದ ಗುಡಿಸುವ ಹೆಂಗಸರೂ, ಒಂದಕ್ಕೂ ಹೋಗುವ ಹಾಗಿಲ್ಲ. ಹಿಂದಿನ ಗೋಡೆಯಾಚೆ ಒಂದು ಪೊದೆಯಿತ್ತು. ತಪಾಸಣೆಯವರ ಕಣ್ಣಿಗೆ ಬೀಳದಿರಲೆಂದು ನಿನ್ನೆ ಅದನ್ನೂ ಕಡಿಸಿದ್ದರು. ಮೂತ್ರ ಕಟ್ಟಿಕೊಂಡು ಕಟ್ಟಿಕೊಂಡು ಸೊಸೆಗೆ ಹೋದ ತಿಂಗಳು ಚಳಿಜ್ವರ ಬಂದಾಗ, ಇನ್ನೊಮ್ಮೆ ಹೀಗಾದರೆ ಮಗು ಉಳಿಯೋದು ಕಷ್ಟ ಎಂದಿದ್ದಳು ಡಾಕ್ಟರಮ್ಮ.

"ಅಣ್ಣಾ, ಹುಡುಗಿ ಒಂದ್ಸಲ ಒಳಗೆ ಹೋಗಿ ಬರಲಿ," ಎಂದಳು ಮುದುಕಿ.

"ಅರ್ಜಿ ಕೊಟ್ಟಿದೀಯಲ್ಲ?"

"ಮೂರು ಕೊಟ್ಟೆ."

"ಅದಕ್ಕೆ ಕಮಿಟಿ ಕೂರಬೇಕು. ಅಲ್ಲೀವರೆಗೂ ತಡ್ಕೋ ಅನ್ನು."

"ಕಮಿಟಿಯೋರು ತಡ್ಕೊಂಡೇ ಕೂರ್ತಾರಾ ಅಣ್ಣಾ?"

"ಬಾಯಿ ಮುಚ್ಚೇ, ದರಿದ್ರ ಮುಂಡೆ. ಎಲೆ ಚೆಲ್ಲು."

ಚೆಲ್ಲಿದಳು. ಕುಲಪತಿಗಳು ಮೈಕಿನ ಮುಂದೆ ನಿಂತು, ನಾಯಕನೆಂದರೆ ಮೊದಲು ಸೇವಕ, ಈ ಸಂಸ್ಥೆಯ ಕಟ್ಟಕಡೆಯ ಸೇವಕ ನಾನು ಎಂದು ಮುಕ್ಕಾಲು ಗಂಟೆ ಹೇಳಿದರು. ಆಮೇಲೆ ಹೊಸ ಪೊರಕೆ ಹಿಡಿದು ಗಾಳಿಗೆ ಎದುರಾಗಿ ಗುಡಿಸಿದರು. ಎಲೆಗಳು ಹಾರಿ ಅವರ ಕಾಲಿಗೇ ಬಂದವು. ಚಪ್ಪಾಳೆ ಬಿತ್ತು.

"ಇನ್ನೊಂದ್ಸಲ ಸಾರ್," ಎಂದ ಫೋಟೋದವನು.

"ಇನ್ನಷ್ಟು ಎಲೆ ಹಾಕೇ," ಎಂದ ಮೇಸ್ತ್ರಿ.

ಸೊಸೆಯ ತುಟಿ ಬಿಳಿಚಿಕೊಂಡಿತ್ತು. ಮುದುಕಿ ಬುಟ್ಟಿ ಕೆಳಗಿಟ್ಟಳು. ಸೊಂಟ ಮುಟ್ಟಿ ನೋಡಿಕೊಂಡಳು. ದಿನಾ ಹತ್ತು ಗಂಟೆಗೆ ತಾನು ಉಜ್ಜುವ ಕುಲಪತಿಗಳ ಸ್ವಂತ ಶೌಚಾಲಯದ ಕೀಲಿ ಅಲ್ಲೇ ಇತ್ತು.

"ಬಾರೇ."

ಮಹಡಿ ಹತ್ತಿ ಬಾಗಿಲು ತೆರೆದಾಗ ಸೊಸೆ ಹೊಸ್ತಿಲಲ್ಲೇ ನಿಂತಳು. "ಅತ್ತೆ, ಕೆಲಸ ಹೋಗುತ್ತೆ."

"ಹೊಟ್ಟೇಲಿರೋದು ಹೋಗದಿದ್ರೆ ಸಾಕು. ಚಿಲಕ ಹಾಕ್ಕೋ. ನಿಧಾನಕ್ಕಾಗಲಿ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ಪೊರಕೆಯನ್ನು ಅಡ್ಡ ಹಿಡಿದು ನಿಂತಳು.

ಸ್ವಲ್ಪ ಹೊತ್ತಿಗೆ ಕುಲಪತಿಗಳೇ ಬಂದರು. ಭಾಷಣ ಉದ್ದವಾಗಿತ್ತು, ನಡುವೆ ಎರಡು ಲೋಟ ನೀರು ಕುಡಿದಿದ್ದರು. ಹೊಸ ಪೊರಕೆ ಇನ್ನೂ ಕೈಯಲ್ಲೇ ಇತ್ತು.

"ಒಳಗ್ಯಾರು?"

"ನನ್ನ ಸೊಸೆ ಸ್ವಾಮಿ."

ಹಿಂದೆಯೇ ಬಂದ ಮೇಸ್ತ್ರಿ ಕೈ ಎತ್ತಿದ. ಮೆಟ್ಟಿಲಲ್ಲಿ ತಪಾಸಣೆಯವರ ತಲೆ ಕಂಡದ್ದೇ, ಎತ್ತಿದ ಕೈಯಿಂದ ಕತ್ತು ತುರಿಸಿಕೊಂಡ.

"ಸ್ವಲ್ಪ ಬೇಗ ಬರೋಕೆ ಹೇಳಮ್ಮ," ಎಂದರು ಕುಲಪತಿಗಳು ತಗ್ಗಿದ ದನಿಯಲ್ಲಿ.

"ಬಸುರಿ ಹೆಂಗಸು. ತಡ್ಕೊಳ್ಳಿ."

ಕೆಳಗಿನಿಂದ ಗುಡಿಸುವ ಹೆಂಗಸರು ಒಬ್ಬೊಬ್ಬರೇ ಹತ್ತಿ ಬಂದರು. ಯಾರೂ ಕರೆದಿರಲಿಲ್ಲ. ಒಟ್ಟು ಒಂಬತ್ತು ಜನ, ಕುಲಪತಿಗಳ ಹಿಂದೆ ತಮ್ಮ ಸರದಿಗೆಂದು ಸಾಲಾಗಿ ನಿಂತರು. ಮೇಸ್ತ್ರಿ ಒಬ್ಬೊಬ್ಬರ ಮುಖವನ್ನೂ ನೋಡಿಟ್ಟುಕೊಳ್ಳುತ್ತಿದ್ದ.

ಒಳಗೆ ನೀರು ಬಿಟ್ಟ ಸದ್ದು ಇನ್ನೂ ಬಂದಿರಲಿಲ್ಲ.