ಬೇಳೆ ತುಂಬಿದೆ

ಕುರುಗೋಡಿನ ಬಾಣಂತಿಯರಿಗೆ ಪ್ರತಿ ತಿಂಗಳ ಮೊದಲ ಸೋಮವಾರ ತೊಗರಿಬೇಳೆ ಅಳೆದು ಕೊಡುವುದು ಕೊಟ್ರಬಸಮ್ಮನ ಕೆಲಸ. ದೇವರ ಪಟಕ್ಕೆ ಕೈಮುಗಿದು, ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಶುರು ಮಾಡುತ್ತಿದ್ದಳು. ಆ ಸೋಮವಾರ ಮಾತ್ರ ಎಣಿಕೆಗೆ ಮೊದಲು ಒಂದು ಸುದ್ದಿ ಹೇಳಬೇಕಾಯಿತು. ಮುಂದಿನ ತಿಂಗಳಿಂದ ಬೇಳೆ ಬರುವುದಿಲ್ಲವೆಂದು ಬಳ್ಳಾರಿಯ ಆಫೀಸಿನಿಂದ ಕಾಗದ ಬಂದಿತ್ತು. ಹಣ ಕೊಡುವ ಹೊರದೇಶದ ಸಂಸ್ಥೆಯವರು ಹಲವು ದೇಶಗಳ ಐವತ್ತೆರಡು ಅಧ್ಯಯನಗಳನ್ನು ಓದಿಸಿ, ಬಾಣಂತಿಯರ ಮನೆಯಲ್ಲಿ ಬೇಳೆಗೆ ಕೊರತೆಯಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರಂತೆ.

ಎರಡು ತಿಂಗಳ ಕೂಸನ್ನು ಎತ್ತಿಕೊಂಡಿದ್ದ ಜಂಬಮ್ಮ ಜಗಳವಾಡಲಿಲ್ಲ. "ರೇಷನ್ ಅಕ್ಕಿ ಐತಿ ಅಕ್ಕಾ, ಅದಕ್ಕ ಏನು ಕಲಸಿ ಉಣ್ಣಬೇಕು?" ಎಂದಷ್ಟೇ ಕೇಳಿದಳು.

ಕೊಟ್ರಬಸಮ್ಮ ಬಳ್ಳಾರಿಗೆ ಹೊರಟಳು. ಮೊದಲ ಸಲ ಹೋದಾಗ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೇ ಸಲ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಬಾ ಎಂದರು. ಮೂರನೇ ಸಲ ಆಫೀಸಿನ ಬಾಗಿಲಲ್ಲೇ ಕುಳಿತುಬಿಟ್ಟಳು. ಒಳಗೆ ಕರೆದದ್ದು ವಿಜಯಕುಮಾರ. ಐವತ್ತೆರಡು ಅಧ್ಯಯನಗಳನ್ನು ಓದಿ ವರದಿ ಬರೆಯುತ್ತಿದ್ದವನು ಅವನೇ.

ಅವನು ಕೆಟ್ಟವನಲ್ಲ, ಸಿರುಗುಪ್ಪದವನು. ಚಹಾ ತರಿಸಿ ಸಮಾಧಾನದಿಂದ ತಿಳಿಸಿ ಹೇಳಿದ. ಒಬ್ಬರ ಕಣ್ಣೀರು ನೋಡಿ, ಇನ್ನೊಬ್ಬರ ಮರ್ಜಿ ಹಿಡಿದು ಯೋಜನೆ ಮಾಡಿದರೆ ಕೆಡುತ್ತದೆ. ಎಲ್ಲೋ ಹಾಗೆಯೇ ಹಂಚಿದ ಹೊಸ ಒಲೆಗಳನ್ನು ಯಾರೂ ಹಚ್ಚದೆ, ಅವುಗಳಲ್ಲಿ ಕೋಳಿಗಳು ಮೊಟ್ಟೆ ಇಟ್ಟವಂತೆ. ಅದಕ್ಕೇ ಒಂದು ಪ್ರಶ್ನೆಯ ಮೇಲೆ ಜಗತ್ತಿನಲ್ಲಿ ಎಷ್ಟು ಅಧ್ಯಯನಗಳಿವೆಯೋ ಅಷ್ಟನ್ನೂ ಕೂಡಿಸಿ ತೂಗಿ ನೋಡುತ್ತೇವೆ ಎಂದ. ಆ ತಕ್ಕಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಗಿದ್ದು ಸಿರುಗುಪ್ಪ, ಕುರುಗೋಡಿನ ನಾನೂರು ಮನೆಗಳ ಸಮೀಕ್ಷೆಯೇ.

"ನಿಮ್ಮ ಊರಾರೇ ಹೇಳ್ಯಾರ ಅಕ್ಕಾ, ನಾ ಹೇಳಿದ್ದಲ್ಲ."

"ಏನ್ ಹೇಳ್ಯಾರ, ಅದನ್ನರ ಓದ್ರಿ."

ಅವನು ಕಂಪ್ಯೂಟರ್ ನೋಡಿ ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದ. ಮನೆಯಲ್ಲಿ ಈಗ ಬೇಳೆ ಎಷ್ಟಿದೆ? ಮುನ್ನೂರ ಹನ್ನೆರಡು ಮನೆಗಳ ಉತ್ತರ ಒಂದೇ: ತುಂಬಿದೆ.

ಕೊಟ್ರಬಸಮ್ಮ ಹಣೆ ಹಣೆ ಬಡಿದುಕೊಂಡಳು. ಬರೆದುಕೊಂಡವರು ಯಾರೆಂದು ಕೇಳಿದಳು. ಬೇರೆ ಊರಿನ ಹುಡುಗರು, ಟ್ಯಾಬ್ ಹಿಡಿದು ಬಂದಿದ್ದರು ಎಂದ.

"ಒಲಿ ಮುಂದ ಕುಂತವರಲ್ಲ ಬಿಡ್ರಿ. ನೀವು ಹೇಳ್ರಿ ಸರ, ಮನ್ಯಾಗ ಬ್ಯಾಳಿ ತೀರಿದ್ರ ನಿಮ್ಮವ್ವ ಏನಂತಿದ್ದರು?"

ವಿಜಯಕುಮಾರನಿಗೆ ಸಿರುಗುಪ್ಪದ ಮನೆಯ ಅಡಿಗೆಕೋಣೆಯಿಂದ ಅವ್ವನ ಕೂಗು ಬಂದಂತಾಯಿತು: ಬ್ಯಾಳಿ ತುಂಬ್ಯಾವ, ಅಂಗಡಿಗೆ ಹೋಗಿ ಬಾರೋ. ಪಕ್ಕದ ತೆಲುಗು ಮನೆಯವರೂ ಹಾಗೇ ಅನ್ನುತ್ತಿದ್ದರು. ದವಸವೆಂದರೆ ಲಕ್ಷ್ಮಿ, ತೀರಿದರೂ ಅವಳನ್ನು ‘ಇಲ್ಲ’ ಎಂದು ಬಾಯಿಬಿಟ್ಟು ಯಾರೂ ಅನ್ನರು, ‘ತುಂಬಿದೆ’ ಎನ್ನುತ್ತಾರೆ. ತುಂಬಿದ ಮೇಲೆ ಅಂಗಡಿಗೇಕೆ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. ಅದೇ ಮಾತನ್ನು ನಾಲ್ಕು ತಿಂಗಳು ಇಂಗ್ಲಿಷಿನಲ್ಲಿ ಓದಿದ್ದ, ಗುರುತು ಹತ್ತಿರಲಿಲ್ಲ.

ಆದರೂ ತಡವರಿಸಿದ. ಕರಡು ನೋಡಿ ಮೇಲಿನವರು ಆಗಲೇ ತೀರ್ಮಾನಿಸಿದ್ದಾರೆ, ಅಂತಿಮ ವರದಿ ಸಂಜೆಯೊಳಗೆ ಹೋಗಬೇಕು. ಇದೊಂದನ್ನು ತೆಗೆದರೆ ತಕ್ಕಡಿಯೇ ಅಲುಗುತ್ತದೆ. ತೆಗೆದ ಮಾತ್ರಕ್ಕೆ ಬೇಳೆಯಿಂದ ಒಳ್ಳೆಯದಾಯಿತು ಎಂದೂ ಸಾಬೀತಾಗುವುದಿಲ್ಲ. ನಮಗೆ ಗೊತ್ತಿಲ್ಲ ಎಂದಾಗುತ್ತದೆ, ಅಷ್ಟೆ ಎಂದ.

"ಹಂಗಾರ ಗೊತ್ತಿಲ್ಲ ಅಂತ ಬರೀರಿ," ಎಂದಳು ಕೊಟ್ರಬಸಮ್ಮ. ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಐವತ್ತೆರಡು ಓದಿದವರಿಗೆ ಅದೊಂದು ಮಾತು ಬರಿಯಾಕ ಬರಂಗಿಲ್ಲೇನು?"

ಕೊನೆಗೆ ಅವನು ಬರೆದ: ಈ ಸಮೀಕ್ಷೆಯ ಉತ್ತರ ತಲೆಕೆಳಗಾಗಿ ದಾಖಲಾಗಿದೆ, ಮತ್ತೆ ವಿಚಾರಿಸುವವರೆಗೆ ನಮಗೆ ಗೊತ್ತಿಲ್ಲ, ಅಲ್ಲಿಯವರೆಗೆ ಬೇಳೆ ನಿಲ್ಲಿಸಬಾರದು. ಕಳಿಸಿದ ಅರ್ಧ ಗಂಟೆಗೇ ಮೇಲಿನವರ ಫೋನು ಬಂತು. ತಪ್ಪು ಹುಡುಗರದಲ್ಲ, ಈ ಮಾತು ತನಗೆ ಬರುತ್ತಿತ್ತು, ತಾನೇ ಕೇಳಿಸಿಕೊಳ್ಳಲಿಲ್ಲ ಎಂದು ಮೆಲ್ಲಗೆ ಒಪ್ಪಿಕೊಂಡ. ಮತ್ತೆ ವಿಚಾರಿಸಲು ಒಂದು ತಿಂಗಳ ಗಡುವು ಕೊಟ್ಟರು; ಆ ತಿಂಗಳ ಬೇಳೆಯೂ ಉಳಿಯಿತು.

ಮೂರನೇ ದಿನ ಬೆಳಿಗ್ಗೆ ವಿಜಯಕುಮಾರ ನೋಟುಬುಕ್ಕು ಹಿಡಿದು ಕುರುಗೋಡಿನಲ್ಲಿ ಬಸ್ಸಿಳಿದ. ಕೊಟ್ರಬಸಮ್ಮನ ಜೊತೆ ಮೊದಲು ಹೋದದ್ದು ಜಂಬಮ್ಮನ ಮನೆಗೆ. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಬೇಳೆ ಎಷ್ಟಿದೆ ಎಂದು ಕೇಳದೆ, "ತಂಗೀ, ಬ್ಯಾಳಿ ಡಬ್ಬಿ ನೋಡಬಹುದೇನು?" ಎಂದ.

ಅವಳು ಕೊಟ್ರಬಸಮ್ಮನ ಮುಖ ನೋಡಿದಳು. ಆಮೇಲೆ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಡಬ್ಬಿ ಇಳಿಸಿಕೊಟ್ಟಳು. ತಳದಲ್ಲಿ ಒಂದಿಷ್ಟು ಬೇಳೆಯಿತ್ತು.

"ಅದು ಲೆಕ್ಕಕ್ಕಿಲ್ರಿ," ಎಂದಳು ನಾಚಿಕೆಯಿಂದ, "ಡಬ್ಬಿ ಬರಿದು ಮಾಡಬಾರದು ಅಂತ ಆಕೀಗೆ ಬಿಟ್ಟಿದ್ದು." ಕೈ ಗೋಡೆಯ ಗೂಡಿನಲ್ಲಿದ್ದ ಲಕ್ಷ್ಮಿಯ ಪಟದ ಕಡೆ ತೋರಿಸಿತು.

ವಿಜಯಕುಮಾರ ತುಂಬಿದೆ ಎಂದು ಬರೆಯಲಿಲ್ಲ. ಖಾಲಿ ಎಂದೂ ಬರೆಯಲಿಲ್ಲ. ‘ಒಂದು ಹಿಡಿ, ದೇವರದು’ ಎಂದು ಬರೆದು, ಡಬ್ಬಿಯ ಮುಚ್ಚಳವನ್ನು ತಾನೇ ಹಾಕಿದ.