ಮುನಿಲಕ್ಷ್ಮಮ್ಮನ ಹೆಲ್ಮೆಟ್ಟೂ ಕಚ್ಚದ ಕಣಜವೂ

ಉಲ್ಲಾಳದ ಮುನಿಲಕ್ಷ್ಮಮ್ಮನ ಪ್ಲಾಸ್ಟಿಕ್ ಶೀಟ್ ಹೊದಿಸಿದ ಪಾಲಿಹೌಸ್‌ನಲ್ಲಿ ಸೌತೆ ಬಳ್ಳಿ ಅಲ್ಲಾಡಿಸಿದ್ರೆ ಸಾಕು, ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿನೊಣ ಏಳ್ತಿತ್ತು. ಔಷಧಿ ಹೊಡೆದೂ ಹೊಡೆದೂ ಸಾಕಾಯ್ತು. ನೊಣಕ್ಕೇನು, ದಿನಾ ಕಾಫಿ ಕುಡಿದಷ್ಟು ಅಭ್ಯಾಸವಾಗಿತ್ತು. ಹೋದ ಬೆಳೆಯನ್ನ ಪೂರ್ತಿ ನುಂಗಿ ನೀರು ಕುಡೀತು. ಹೊಸದಾಗಿ ನೆಟ್ಟ ಬಳ್ಳಿಯಲ್ಲೂ ಒಂದೆರಡು ಹಾರೋಕೆ ಶುರುವಾದವು.

ಗಂಡ ಕೆಂಪಯ್ಯ ಕಡ್ಡಿ ಮುರಿದ ಹಾಗೆ ಹೇಳ್ಬಿಟ್ಟ. "ಇದೂ ಹೋದ್ರೆ ಶೀಟ್ ಕಿತ್ತಾಕಿ ಕಾರ್ ಪಾರ್ಕಿಂಗ್ ಮಾಡ್ತೀನಿ. ಕಾರಿಗೆ ನೊಣ ಹತ್ತಲ್ಲ."

ಸುತ್ತಲೂ ಲೇಔಟ್ ಎದ್ದ ಮೇಲೆ, ಕೈಗೆ ಮಣ್ಣು ಹತ್ತೋ ಜಾಗ ಅಂತ ಮುನಿಲಕ್ಷ್ಮಮ್ಮನಿಗೆ ಉಳಿದಿದ್ದೇ ಅದೊಂದು.

ಹಿಂದಿನ ಮನೆಗೆ ಬಾಡಿಗೆಗಿದ್ದ ಭುವನೇಶ್ವರಿ ಇದನ್ನ ಕೇಳಿಸ್ಕೊಂಡ್ಲು. ಬಾಗಲಕೋಟೆ ಕಡೆ ಹುಡುಗಿ, ಬೆಳೆ ಕಾಯೋ ಹುಳ ಸಾಕೋ ಲ್ಯಾಬಲ್ಲಿ ಕೆಲಸ. ಚುಕ್ಕಿ ಚುಕ್ಕಿ ಅಂಟಿಸಿದ ಸಣ್ಣ ಕಾರ್ಡುಗಳನ್ನ ತಂದ್ಲು.

"ಅಕ್ಕಾರ, ಇವನ್ನ ಎಲಿ ನೆರಳಿಗೆ ತೂಗಹಾಕ್ರಿ. ಇದ್ರಾಗಿಂದ ಕಣಜ ಬರ್ತಾವ."

"ಕಣಜಾನಾ! ತವರಲ್ಲಿ ಒಂದ್ಸಲ ಕಚ್ಚಿ ನನ್ನ ಮುಖ ಬನ್ ಥರ ಊದ್ಕೊಂಡಿತ್ತು ಕಣೇ!"

"ಇವು ಗುಂಡುಸೂಜಿ ತಲಿಗಿಂತ ಸಣ್ಣವು, ಮನಷ್ಯಾರಿಗೆ ಕಚ್ಚೂದಿಲ್ರಿ. ಎಲಿ ಹಿಂದ ಅಂಟ್ಕೊಂಡಿರೋ ನೊಣದ ಮರಿಯೊಳಗ ಮೊಟ್ಟಿ ಇಡ್ತಾವ. ಕಣಜದ ಮರಿ ಒಳಗಿಂದನ ಅದನ್ನ ತಿಂದು ಮುಗಸ್ತೈತಿ. ಔಷಧಿ ಮಾತ್ರ ಹೊಡಿಬ್ಯಾಡ್ರಿ, ಕಣಜನೂ ಸಾಯ್ತಾವ."

ಮುನಿಲಕ್ಷ್ಮಮ್ಮ ಕಾರ್ಡೇನೋ ಕಟ್ಟಿದ್ಲು. ಧೈರ್ಯ ಮಾತ್ರ ಬರ್ಲಿಲ್ಲ. ಅವತ್ತಿಂದ ಗಂಡನ ಹೆಲ್ಮೆಟ್ ಹಾಕ್ಕೊಂಡೇ ಪಾಲಿಹೌಸಿಗೆ ಹೋಗೋಳು. ಕೆಂಪಯ್ಯ ಬೈಕ್ ಪಕ್ಕ ನಿಂತು ಕೂಗೋನು, "ಪೊಲೀಸ್ನೋರು ಹಿಡೀತಾರೆ, ಕೊಡೇ!"

ಕೆಲವು ವಾರ ಕಳೀತು. ಒಂದು ಶುಕ್ರವಾರ ಎಲೆ ತಿರುಗಿಸಿದ್ರೆ ಹಿಂದೆಲ್ಲ ಕಪ್ಪು ಚುಕ್ಕಿ! "ಅಯ್ಯಯ್ಯೋ, ಯಾರ ಕಣ್ಣು ಬಿತ್ತೋ!" ಅಂತ ಆ ಎಲೆಗಳನ್ನ ಮಡಿಲು ತುಂಬಾ ಕಿತ್ಕೊಂಡ್ಲು. ಬಾಗಿಲಲ್ಲಿ ಕೆಂಡ ಹಾಕಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಸುರಿದ್ಲು. ಹೆಲ್ಮೆಟ್ ತಲೆ ಮೇಲೇ ಇತ್ತು. ಅತ್ತ ಕೆಂಪಯ್ಯ ಔಷಧಿ ಕಲಸೋಕೆ ಕೂತ.

ಇನ್ನೇನು ಎಲೆ ಕೆಂಡಕ್ಕೆ ಬೀಳ್ಬೇಕು, ಭುವನೇಶ್ವರಿ ಕೆಮ್ಮುತ್ತಾ ಓಡಿ ಬಂದ್ಲು. "ನಿಂದರ್ರಿ ಅಕ್ಕಾರ! ನಿಮ್ಮ ಕಾವಲುಗಾರರನ್ನ ನೀವ ಸುಡಾಕ ಹತ್ತೀರಲ್ರೀ!"

ಅವಳು ಕೊಟ್ಟ ಭೂತಗನ್ನಡಿಯಲ್ಲಿ, ಹೆಲ್ಮೆಟ್ ಗಾಜು ಮೇಲೆತ್ತಿ, ಮುನಿಲಕ್ಷ್ಮಮ್ಮ ಇಣುಕಿದ್ಲು. ಕಪ್ಪಾಗಿ ಸತ್ತ ನೊಣದ ಮರಿ. ಬೆನ್ನಲ್ಲಿ ದುಂಡನೆ ತೂತು. ತೂತಿಂದ ಆಚೆ ಬರ್ತಿರೋ ಚೂರೇ ಚೂರು ಕಣಜ! ಅದು ಅವಳ ಬೆರಳ ಮೇಲೇ ನಡೀತು. ಕಚ್ಚಲಿಲ್ಲ.

ತಕ್ಷಣ ಎಲೆಗಳನ್ನ ವಾಪಸ್ ಬಳ್ಳಿ ಬುಡಕ್ಕೆ ಹಾಕಿ, ಬಾಗಿಲಿಗೆ ಅಡ್ಡ ನಿಂತ್ಲು. "ರೀ, ಆ ಔಷಧಿ ಒಳಗೆ ಬಂದ್ರೆ ನಾನು ತವರಿಗೆ ಹೋಗ್ತೀನಿ!"

"ಹೋಗು, ಹೆಲ್ಮೆಟ್ ಕೊಟ್ಟು ಹೋಗು!" ಅಂತ ಸ್ಪ್ರೇಯರ್ ಹಿಡ್ಕೊಂಡು ಒಳಗೆ ನುಗ್ಗಿದ ಕೆಂಪಯ್ಯ ಬಳ್ಳಿ ಅಲ್ಲಾಡಿಸಿದ. ಹಿಟ್ಟು ಏಳಲಿಲ್ಲ. ಇನ್ನೊಂದು ಬಳ್ಳಿ ಅಲ್ಲಾಡಿಸಿದ. ಒಂದೇ ಒಂದು ನೊಣ ಎದ್ದು ಕೂತ್ಕೊಂಡ್ತು. ಅವನು ಸ್ಪ್ರೇಯರ್ ಕೆಳಗಿಟ್ಟ.

ಬೆಳೆ ಕೈಗೆ ಬಂತು. ಹೆಲ್ಮೆಟ್ಟೂ ಕೆಂಪಯ್ಯನಿಗೆ ವಾಪಸ್ ಬಂತು, ಎಳೆ ಸೌತೆಕಾಯಿ ತುಂಬ್ಕೊಂಡು. ಪಾರ್ಕಿಂಗ್ ಮಾತು ಅವನು ಮತ್ತೆ ಎತ್ತಲಿಲ್ಲ.

ಪಾಲಿಹೌಸ್ ಇಟ್ಟಿರೋ ಅಕ್ಕಂದಿರೇ, ಅಣ್ಣಂದಿರೇ, ನೊಣ ಒಂದೆರಡು ಕಂಡಾಗಲೇ ತೋಟಗಾರಿಕೆ ಇಲಾಖೆಯವರನ್ನ ಕೇಳಿ, ನಿಮ್ಮ ಬೆಳೆಗೆ ಹೊಂದೋ ಕಣಜದ ಕಾರ್ಡ್ ಕಟ್ಟಿ. ಆಮೇಲೆ ಕಪ್ಪು ಚುಕ್ಕಿ ಕಂಡ್ರೆ ಕೀಳೋಕೆ ಮೊದಲು ಭೂತಗನ್ನಡಿ ಹಿಡಿದು ನೋಡಿ. ಹೆಲ್ಮೆಟ್ ಬೇಡ, ಅದು ಬೈಕಿಗಿರ್ಲಿ.