ಕೃಷ್ಣಾಬಾಯಿಯ ಜಡೆ, ನರಹರಿಯ ಹರಕೆ

ಟೈಫಾಯಿಡು ಕೃಷ್ಣಾಬಾಯಿಯ ಜೀವವನ್ನು ಬಿಟ್ಟುಕೊಟ್ಟು ಕೂದಲನ್ನು ಹೊತ್ತುಕೊಂಡು ಹೋಯಿತು. ಆಸ್ಪತ್ರೆಯಿಂದ ತೆಲುಗು ಸೀಮೆಯ ಕುಷಾಯಿಗೂಡದ ಮನೆಗೆ ಬಂದ ಎರಡೇ ತಿಂಗಳಲ್ಲಿ, ಬಾಚಿದರೆ ಬಾಚಣಿಗೆ ತುಂಬ, ಗುಡಿಸಿದರೆ ಮೊರದ ತುಂಬ ಕೂದಲು. ಐವತ್ತೈದು ವರ್ಷ ಜೊತೆಗಿದ್ದ ಜಡೆ ಇಲಿಬಾಲವಾಯಿತು. ಉಳಿದದ್ದನ್ನು ಅಳುತ್ತಲೇ ಹೆಗಲ ಮಟ್ಟಕ್ಕೆ ಕತ್ತರಿಸಿಕೊಂಡಳು.

ಆಮೇಲೆ ಮೊಬೈಲಿನ ವೈದ್ಯ ಶುರುವಾಯಿತು. ಒಂದು ವಾರ ಹುಳಿ ಮೊಸರು, ಒಂದು ವಾರ ಪಾರ್ಲರಿನ ಹುಡುಗಿ ಕೊಟ್ಟ ಕ್ರೀಮು, ಮತ್ತೊಂದು ವಾರ ಉಳ್ಳಾಗಡ್ಡಿ ರಸ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿದ್ದ ಗಂಡ ನರಹರಿ, ಉಳ್ಳಾಗಡ್ಡಿ ವಾರದಲ್ಲಿ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದ.

“ಒಂದು ಮುಷ್ಟಿ ಚುರಮರಿ ಹಾಕಿದರ ನಿನ್ನ ತಲಿ ಗಿರಮಿಟ್ಟ ಆಗತೈತಿ ನೋಡು” ಎಂದ.

ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟು ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಸುರಪುರದ ಕಡೆಯ ಗುರುದೇವಿ ಒಂದು ಮಧ್ಯಾಹ್ನ ಕುಡಿಯುವ ನೀರು ಕೇಳಿಕೊಂಡು ಬಂದಳು. ಮೈಯೆಲ್ಲ ಸಿಮೆಂಟಿನ ಧೂಳು. ಆದರೆ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ್ದೇ ತಡ, ಜಡೆ ಮೊಣಕಾಲಿನ ತನಕ ಇಳಿದುಬಿತ್ತು. ಕೃಷ್ಣಾಬಾಯಿಗೆ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು.

“ಏನು ಹಚ್ಚತೀಯವ್ವಾ ಇದಕ್ಕ?”

“ಹಚ್ಚಾಕ ಪುರಸೊತ್ತು ಎಲ್ಲೈತ್ರಿ ಅಕ್ಕಾರ? ವಾರಕ್ಕೊಮ್ಮೆ ಎಣ್ಣಿ, ಅಷ್ಟ.” ಗುರುದೇವಿ ಒರಟು ಬೆರಳುಗಳಿಂದ ಕೃಷ್ಣಾಬಾಯಿಯ ನೆತ್ತಿ ಮುಟ್ಟಿ ನೋಡಿದಳು. “ಇದು ತಲಿ ಐತೋ ಒಲಿ ಐತೋ? ದಿನಾ ಏನರೆ ಒಂದು ಮ್ಯಾಲ ಇಡಾಕತ್ತೀರಲ್ರಿ! ಬೋರಿನ ಸವಳು ನೀರು ಹಾಕಬ್ಯಾಡ್ರಿ. ಹಸಿ ಇದ್ದಾಗ ಬಾಚಬ್ಯಾಡ್ರಿ. ಬಿಗಿದು ಕಟ್ಟಬ್ಯಾಡ್ರಿ. ಹೊಟ್ಟಿ ತುಂಬ ಉಂಡು, ಅದರ ಪಾಡಿಗೆ ಅದನ್ನ ಬಿಡ್ರಿ.”

ಕೃಷ್ಣಾಬಾಯಿ ಕ್ರೀಮಿನ ಡಬ್ಬಿ ಹೊರಗೆಸೆದಳು. ನಲ್ಲಿಗೆ ನೀರು ಬಂದ ದಿನ ಒಂದು ಕೊಡ ತಲೆಗೆಂದೇ ತೆಗೆದಿಟ್ಟಳು. ಶನಿವಾರ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಬೆರಳ ತುದಿಯಿಂದ ಹಚ್ಚಿ, ಭಾನುವಾರ ನೆನೆಸಿದ ಮೆಂತ್ಯ, ದಾಸವಾಳದ ಎಲೆ ಅರೆದು, ಸೀಗೆಪುಡಿ ಬೆರೆಸಿ ಮೆಲ್ಲಗೆ ತೊಳೆದಳು. ಟವೆಲಿನಿಂದ ತಿಕ್ಕುವುದು ನಿಂತಿತು. ನರಹರಿಯ ಹಳೆಯ ಧೋತರ ಸುತ್ತಿ ನೆರಳಲ್ಲಿ ಒಣಗಿಸಿ, ಅಗಲ ಹಲ್ಲಿನ ಮರದ ಹಣಿಗೆಯಲ್ಲಿ ತುದಿಯಿಂದ ಸಿಕ್ಕು ಬಿಡಿಸುತ್ತ ಮೇಲೆ ಬರುತ್ತಿದ್ದಳು. ಆರು ತಿಂಗಳು ಏನೂ ಕಾಣಲಿಲ್ಲ. ಆಮೇಲೆ ಹಣೆಯ ಸುತ್ತ ಮರಿಕೂದಲು ಎದ್ದಿತು. ಮೂರು ವರ್ಷಕ್ಕೆ ಜಡೆ ಸೊಂಟಕ್ಕೆ ಬಂತು.

ಒಂದು ಭಾನುವಾರ ಅವಳು ಕೂದಲು ಹರವಿಕೊಂಡು ಕೂತಿದ್ದಾಗ ನರಹರಿ ಸುತ್ತಲೂ ನಡೆದು, ಬಗ್ಗಿ ನೋಡಿ, “ಹಾಂ, ಈಗ ಕೊಡಬಹುದು” ಎಂದ.

“ಏನು?”

“ಮುಡಿ. ಆಸ್ಪತ್ರ್ಯಾಗ ನೀ ಮೂರು ದಿನ ಕಣ್ಣು ತೆರೀಲಿಲ್ಲ. ಇಕಿ ಉಳಿದರ ಇಕಿ ಮುಡಿ ಕೊಡಸ್ತೀನಿ ಅಂತ ಗುಟ್ಟದ ಗುಡ್ಡದ ಮ್ಯಾಲಿನ ನರಸಿಂಹಸ್ವಾಮಿಗೆ ಬೇಡಿಕೊಂಡಿದ್ದೆ.”

“ಮೂರು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ರಿ?”

“ಆವಾಗಿಂದು ರಿಜೆಕ್ಟ್ ಆಗೋ ಮಾಲು ಇತ್ತು. ದೇವರಿಗೆ ಅಂಥಾದ್ದು ಕೊಡಾಕ ಬರತೈತೇನು?”

“ಹರಕಿ ನಿಮ್ಮದು, ಕೂದಲಾ ನಂದು? ನಿಮ್ಮದ ಕೊಡ್ರಿ!”

ನರಹರಿ ಬೋಳು ತಲೆ ಸವರಿಕೊಂಡ. “ಎಲ್ಲೈತಿ?”

ಕೃಷ್ಣಾಬಾಯಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬೆಳಿಗ್ಗೆ ಸೀರೆ ಉಟ್ಟು ನಿಂತು, “ನಡೀರಿ ಗುಟ್ಟಕ್ಕ. ಅವನ್ನ ಕೇಳೂಣು” ಎಂದಳು.

ಎರಡು ತಾಸು ಸಾಲಿನಲ್ಲಿ ನಿಂತ ಮೇಲೆ ಗರ್ಭಗುಡಿ ಎದುರು ಬಂತು. ಅವಳು ಕೈ ಮುಗಿದು, ನೆರೆಹೊರೆಯವಳ ಜೊತೆ ಜಗಳಕ್ಕೆ ನಿಂತ ದನಿಯಲ್ಲೇ ಶುರುಮಾಡಿದಳು: “ಸ್ವಾಮಿ, ನಿನ್ನನ್ನ ಕೇಳದ ಯಾರರೆ ನಿನ್ನ ಸಿಂಹದ ಕೇಸರ ಕೊಡಸ್ತೀನಂತ ಹರಕಿ ಹೊತ್ತಿದ್ದರ ಸುಮ್ಮನ ಬಿಡತಿದ್ದೇನು? ಹೊಟ್ಟಿ ಬಗೀತಿದ್ದಿ. ನಾ ಬರೇ ಬಾಯಿ ಮಾಡಾಕತ್ತೀನಿ. ಇದು ನಾ ಬೆಳೆಸಿದ್ದು. ಕೊಡೂದಿಲ್ಲ.”

“ಅಮ್ಮಾ, ಜರಗಂಡಿ, ಜರಗಂಡಿ” ಎಂದು ಸಾಲನ್ನು ಮುಂದಕ್ಕೆ ತಳ್ಳುವವನು ಕೂಗಿದ.

ಹೊರಗೆ ಬಂದವಳೇ, “ಕೇಳಿದ್ರಲ್ಲ? ಒಲ್ಲೆ ಅನಲಿಲ್ಲ ಅವ” ಎಂದಳು.

ನರಹರಿ ನಗಲಿಲ್ಲ. “ಹರಕಿ ತಪ್ಪಿ ಮತ್ತ ನಿನಗ ಏನರೆ ಆದರ?” ಎಂದ. ಕೃಷ್ಣಾಬಾಯಿಯ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಅವನ ಮುಖವನ್ನೇ ನೋಡುತ್ತಿದ್ದವಳ ಕಣ್ಣು ಮೀಸೆಯ ಮೇಲೆ ನಿಂತಿತು. ಮದುವೆಗೆ ಮೊದಲಿನಿಂದ ಇದ್ದ ದಪ್ಪ ಮೀಸೆ, ಹದಿನೈದು ದಿನಕ್ಕೊಮ್ಮೆ ಕಪ್ಪು ಬಳಿಸಿಕೊಳ್ಳುತ್ತಿದ್ದದ್ದು.

“ಅದನ್ನ ಕೊಡ್ರಿ.”

“ಇದು ಮೀಸಿ!”

“ಕೂದಲಾ ಹೌದಲ್ಲ?”

ಮುಡಿ ತೆಗೆಯುವ ಕಲ್ಯಾಣಕಟ್ಟದಲ್ಲಿ ಕ್ಷೌರಿಕ ಬರೀ ಮೀಸೆಯೇ ಎಂದು ಎರಡೆರಡು ಸಲ ಕೇಳಿದ: “ಮೀಸಂ ಒಕ್ಕಟೇನಾ ಸಾರ್?” ನರಹರಿ ಬಾಯಿ ತೆರೆಯುವ ಮೊದಲೇ ಕೃಷ್ಣಾಬಾಯಿ “ಅಂತೇ, ಅಂತೇ, ಅಷ್ಟ” ಎಂದಳು. ಕತ್ತಿ ನಾಲ್ಕು ಸಲ ಓಡಿತು, ಕೆಲಸ ಮುಗಿಯಿತು. ಅವನು ತಿರುಗಿದ. ಗದಗಿನಲ್ಲಿದ್ದ ಅವನ ಅಕ್ಕ, ಕೃಷ್ಣಾಬಾಯಿ ಜನ್ಮವಿಡೀ ಹೆದರಿಕೊಂಡು ಬದುಕಿದ್ದ ಆಕೆಯೇ, ಅಂಗಿ ತೊಟ್ಟು ಎದುರು ನಿಂತಂತಿತ್ತು.

“ಅಯ್ಯ, ನಾ ನಿಮ್ಮ ಅಕ್ಕನ್ನ ಕಟಗೊಂಡಂಗಾತಲ್ರೀ!” ಎಂದು ಕಂಬ ಹಿಡಿದು ನಕ್ಕಳು. ತಲೆ ಬೋಳಿಸಿಕೊಂಡ ನಾಲ್ಕಾರು ಜನ ಕಾರಣ ತಿಳಿಯದೆಯೂ ನಕ್ಕರು.

ವಾಪಸು ಬಸ್ಸಿನಲ್ಲಿ ಅವನು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದ.

“ಆವಾಗ ಅಷ್ಟು ಹೆದರಿದ್ರೇನು?” ಅವಳು ಮೆಲ್ಲಗೆ ಕೇಳಿದಳು.

“ಹೆದರದ ಏನು? ನನಗ ಚಾ ಮಾಡಾಕ ಸೈತ ಬರತಿರಲಿಲ್ಲ.”

“ಅಂದರ ಊಟಕ್ಕ ಹೆದರಿದ್ರಿ.”

“ಹೂಂ” ಎಂದು ಅವನು ಕಿಟಕಿಯ ಕಡೆ ತಿರುಗಿದ. ಕರವಸ್ತ್ರ ಬಾಯಿಂದ ಕಣ್ಣಿಗೆ ಹೋಯಿತು. ಕೃಷ್ಣಾಬಾಯಿ ನೋಡದವಳಂತೆ ಪ್ರಸಾದದ ಪುಳಿಹೋರದ ಪೊಟ್ಟಣ ಬಿಚ್ಚಿ, ಹುಳಿಯನ್ನವನ್ನು ಎರಡು ಪಾಲು ಮಾಡಿ, ಶೇಂಗಾ ಹೆಚ್ಚಿದ್ದ ಪಾಲನ್ನು ಅವನ ತೊಡೆಯ ಮೇಲಿಟ್ಟಳು.